ತಪ್ಪಲೆ ತೊಟ್ಟ ನೈಟ್

ಹೊಸ ಇಂಡಕ್ಷನ್ ಒಲೆಯ ಮೇಲೆ ಇವತ್ತು ಬೆಳಿಗ್ಗೆ ಸಾರಿಗಿಟ್ಟರೆ ನಮ್ಮ ಸ್ಟೀಲ್ ತಪ್ಪಲೆ ಒಂದು ಕಡೆಗೆ ವಾಲಿತು. ತಳದ ಅಂಚಿನಲ್ಲಿ ಒಂದು ತಗ್ಗು. "ಇದನ್ನ ಎಸೆದ್ಬಿಡೋಣ್ವಾ?" ಎಂದಳು ಹೆಂಡತಿ. ಎಸೆಯುವುದೇ? ಸ್ವಾಮಿ, ಅದು ಬರೀ ತಪ್ಪಲೆಯಲ್ಲ, ಮಧ್ಯಯುಗದ ಇಂಗ್ಲೆಂಡಿನ ಚರಿತ್ರೆ. ಹೇಗೆಂದು ಹೇಳುತ್ತೇನೆ, ಕೂತುಕೊಳ್ಳಿ. ಬೇಳೆ ಬೇಯಲು ಹೇಗೂ ಹೊತ್ತಿದೆ.

ಎರಡು ಸಾವಿರದ ಇಪ್ಪತ್ತರಲ್ಲಿ ನಮ್ಮ ಅತ್ತೆ-ಮಾವ ಮಗಳನ್ನು ನೋಡಲು ಅಮೆರಿಕದ ಷಾರ್ಲೆಟ್‌ಗೆ ಬಂದರು. ಕೋವಿಡ್ಡಿಗೆ ವಿಮಾನಗಳು ನಿಂತವು, ಅವರೂ ಇಲ್ಲೇ ನಿಂತರು. ಮಾವ ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಮನೆದೇವರಿಗಿಂತ ಒಂದು ಕೈ ಹೆಚ್ಚಾಗಿ ಅವರು ನಂಬಿದ್ದು ಒಬ್ಬ ಇಂಗ್ಲಿಷ್ ನೈಟನ್ನು, ಅಂದರೆ ಕವಚ ತೊಟ್ಟ ಕುದುರೆವೀರನನ್ನು. ಆಸ್ತಿಯಿಲ್ಲದ ಕಿರಿಮಗ, ಕುದುರೆ ಕಾಳಗದ ಪಂದ್ಯಗಳಲ್ಲಿ ಎದುರಾಳಿಗಳನ್ನು ಹಿಡಿದಿಟ್ಟು, ಬಿಡುಗಡೆಗೆ ದುಡ್ಡು ವಸೂಲಿ ಮಾಡಿ ಮೇಲೆ ಬಂದವನು, ಒಬ್ಬರಾದ ಮೇಲೊಬ್ಬರಂತೆ ಐದು ರಾಜರನ್ನು ನಿಭಾಯಿಸಿದವನು. ನಾನೂ ಬ್ಯಾಂಕಿನ ಐಟಿಯಲ್ಲಿ ಐದು ಮ್ಯಾನೇಜರುಗಳನ್ನು ನಿಭಾಯಿಸಿದ್ದೇನೆ. ಅವನ ಕಲ್ಲಿನ ಪ್ರತಿಮೆ ಲಂಡನ್ನಿನ ಚರ್ಚಿನಲ್ಲಿದೆ. ನನಗೆ ಸಿಕ್ಕಿದ್ದು ಒಂದು ಕಾಫಿ ಮಗ್ಗು.

ಮಾವನ ಕೊರಗು ಒಂದೇ. ಜೀವಮಾನವೆಲ್ಲ ಪಾಠ ಮಾಡಿದರೂ ಈ ನೈಟ್ ಬಗ್ಗೆ ಯಾರೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ, "ಇದು ಪರೀಕ್ಷೆಗೆ ಬರುತ್ತಾ ಸಾರ್?" ಎಂಬುದನ್ನು ಬಿಟ್ಟರೆ. ಅತ್ತೆಯಂತೂ ಅವನ ಹೆಸರೆತ್ತಿದರೆ ಸಾಕು, ಸೊಪ್ಪು ಬಿಡಿಸಲು ಎದ್ದು ಹೋಗುತ್ತಿದ್ದರು. ನನಗೆ ಸದಾ ಒಂದು ಮೀಟಿಂಗ್ ಇರುತ್ತಿತ್ತು.

ಆ ವರ್ಷ ಇಲ್ಲಿಯ ಕನ್ನಡದವರ ಗಣೇಶನ ಹಬ್ಬ ಜೂಮ್‌ನಲ್ಲಿ ನಡೆಯಿತು. ಒಂದೇ ಭಾವಗೀತೆಯನ್ನು ಮೂರು ಮನೆಯವರು ಹಾಡಿದ ಮೇಲೆ ಮಾವನ ಸರದಿ. ಈಗಲಾದರೂ ಯಾರಾದರೂ ಏನಾದರೂ ಕೇಳಿಯಾರೆಂಬ ಆಸೆಯಲ್ಲಿ, ನೈಟ್‌ನ ಶಿರಸ್ತ್ರಾಣ ಹೇಗಿತ್ತೆಂದು ತೋರಿಸಲು ತಪ್ಪಲೆಯನ್ನು ತಲೆಗೆ ಒತ್ತಿಕೊಂಡರು. ಅದು ಕಿವಿ ದಾಟಿ ಗಲ್ಲದವರೆಗೆ ಇಳಿದು ಕೂತಿತು. ಮತ್ತೆ ಮೇಲೆ ಬರಲಿಲ್ಲ.

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಕನ್ನಡಿಗರಿಗೆಲ್ಲ ಒಮ್ಮೆಲೇ ಜೀವ ಬಂತು. "ಕೊಬ್ಬರಿ ಎಣ್ಣೆ ಹಚ್ಚಿ ಅಂಕಲ್!" "ಐಸ್ ಟ್ರೈ ಮಾಡಿ ಅಂಕಲ್!" ದೂರದ ಲಾರೆನ್ಸ್‌ವಿಲ್‌ನಿಂದ ಒಬ್ಬರು, "ನೈನ್ ಒನ್ ಒನ್‌ಗೆ ಕಾಲ್ ಮಾಡಿ ಆಂಬುಲೆನ್ಸ್ ಕರೆಸಿದ್ರಾ?" ಎಂದರು. ಮಾವ ಒಳಗಿನಿಂದಲೇ ಮ್ಯಾಗ್ನಾ ಕಾರ್ಟಾ ವಿವರಿಸುತ್ತಿದ್ದರು.

ಎಣ್ಣೆ ಸವರುತ್ತಿದ್ದ ಅತ್ತೆ ರೇಗಿದರು. "ರೀ, ಸ್ವಲ್ಪ ಸುಮ್ನಿರಿ! ಆ ನಿಮ್ಮ ನೈಟ್‌ಗೆ ಹಿಂಗೆ ಸಿಕ್ಕಾಕೊಂಡಿದ್ರೆ ಏನ್ ಮಾಡ್ತಿದ್ದ?"

ತಪ್ಪಲೆ ಅತ್ತೆಯ ಕಡೆ ತಿರುಗಿತು. ಪ್ರಶ್ನೆ!

"ಸಿಕ್ಕಾಕೊಂಡಿತ್ತು ಕಣೇ!" ಮಾವನ ಸಂಭ್ರಮ ಒಳಗೆಲ್ಲ ಮೊಳಗಿತು. "ಪಂದ್ಯ ಗೆದ್ದಿದಾನೆ, ಬಹುಮಾನ ಕೊಡೋಕೆ ಎಲ್ಲರೂ ಹುಡುಕ್ತಿದಾರೆ, ಇವನು ನೋಡಿದ್ರೆ ಕಮ್ಮಾರನ ಅಡಿಗಲ್ಲಿನ ಮೇಲೆ ತಲೆ ಇಟ್ಕೊಂಡಿದಾನೆ! ಕಮ್ಮಾರ ಸುತ್ತಿಗೇಲಿ ಬಡೀತಿದಾನೆ!"

"ಅದನ್ನ ಮೊದ್ಲೇ ಹೇಳ್ಬಾರ್ದಾ?" ಎಂದು ಅತ್ತೆ ಲಟ್ಟಣಿಗೆ ತಂದರು.

ತಪ್ಪಲೆಯ ತಗ್ಗು ಅವತ್ತಿನದು. ಮಾವನ ಕಿವಿ ವಾರವಿಡೀ ಕೆಂಪಗಿತ್ತು, ಮುಖ ಮಾತ್ರ ಮದುವೆಮನೆಯಂತೆ ಬೆಳಗುತ್ತಿತ್ತು.

ಅವರು ಮೈಸೂರಿಗೆ ಮರಳಿ ವರ್ಷಗಳಾದವು. ಇವತ್ತು ಬೇಳೆ ಬೇಯುವುದನ್ನು ಕಾಯುತ್ತಾ ನಿಂತಾಗ ಹೊಳೆಯಿತು: ಆ ನೈಟ್ ಕೊನೆಗೆ ಏನಾದನೋ ನನಗೆ ಗೊತ್ತೇ ಇಲ್ಲ. ಫೋನ್ ಮಾಡಿ ಕೇಳಿದೆ. ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು.

"ಅಳಿಯಂದಿರೇ, ಕ್ಲಾಸಲ್ಲಿ ಅಲ್ಲಿಗೆ ಬರೋಷ್ಟರಲ್ಲಿ ಬೆಲ್ ಹೊಡೀತಿತ್ತು. ಎಪ್ಪತ್ತು ದಾಟಿತ್ತು, ಹಾಸಿಗೆ ಹಿಡಿದಿದ್ದ. ಹಾಡ್ಬೇಕು ಅಂತ ಬಹಳ ಆಸೆ ಆಯ್ತಂತೆ. ಮುದುಕನಿಗೆ ತಲೆ ಕೆಟ್ಟಿದೆ ಅಂದಾರು ಅಂತ ಸಂಕೋಚ. ತನ್ನ ಹೆಣ್ಣುಮಕ್ಕಳನ್ನ ಕರೆದು ಹಾಡಿಸಿದ."

ನಗಲೆಂದು ಫೋನ್ ಮಾಡಿದ ನಾನು ಒಲೆ ಆರಿಸಿ ಕೂತೆ. ಅಷ್ಟರಲ್ಲಿ ಅಲ್ಲಿಯ ಅಡುಗೆಮನೆಯಿಂದ ಅತ್ತೆಯ ದನಿ: "ಯಾವ ಹಾಡಂತ್ರೀ?"

ಮಾವ ತಡವರಿಸಿದರು. "ಗೊತ್ತಿಲ್ಲ ಕಣೇ." ಅಷ್ಟು ಖುಷಿಯಾಗಿ ಗೊತ್ತಿಲ್ಲವೆಂದ ಮೇಷ್ಟ್ರನ್ನು ನಾನು ಕಂಡಿಲ್ಲ. "ಇರು, ಹುಡುಕಿ ಹೇಳ್ತೀನಿ," ಎಂದವರು ನಾನು ಫೋನಿನಲ್ಲಿರುವುದನ್ನೇ ಮರೆತು ಎದ್ದು ಹೋದರು.