ಖಲೀಲುಲ್ಲಾ ನೋಡಿದ ನೀಲಿ ಹೊಗೆ

ಖಲೀಲುಲ್ಲಾ ಎಂಥವನು ಎಂದು ನೆಲಮಂಗಲದಲ್ಲಿ ಯಾರನ್ನು ಬೇಕಾದರೂ ಕೇಳಿ, ಒಳ್ಳೆಯದನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ ಮಾತ್ರ ಕಷ್ಟ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆ ಅಡ್ಡಿಯಿಲ್ಲ.

ನಾನು ಬೈಲಪ್ಪ. ಕುಣಿಗಲ್ ರಸ್ತೆ ಒಡೆಯುವ ಕಡೆ ನನ್ನ ಶೆಡ್ಡು. ಊರಿನಲ್ಲಿ ಮೋಟಾರು ರಿಪೇರಿ ಶುರು ಮಾಡಿದವನೇ ನಾನು. ಅಕ್ಕಿ ಗಿರಣಿ ನರಸಿಂಹಯ್ಯನವರ ಕಪ್ಪು ಅಂಬಾಸಿಡರ್ ಕಾರು ಮೊದಲಿನಿಂದ ನನ್ನ ಕೈಯಲ್ಲೇ ಇತ್ತು. ಆ ಕಾರು ಯಾರ ಶೆಡ್ಡಿನ ಮುಂದೆ ನಿಲ್ಲುತ್ತದೋ ಅವನೇ ಊರಿನ ದೊಡ್ಡ ಮೆಕ್ಯಾನಿಕ್ ಎಂದು ದಾಬಸ್‌ಪೇಟೆ ಕಡೆಯ ಲಾರಿಯವರೂ ನಂಬಿದ್ದರು. ಹೀಗಿರುವಾಗ 1967ರಲ್ಲಿ ಖಲೀಲುಲ್ಲಾ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಕೆಲಸ ಕಲಿತು ಬಂದು, ಊರೆಲ್ಲ ಬಿಟ್ಟು ನನ್ನ ಎದುರಿಗೇ ಶೆಡ್ಡು ಹಾಕಿದ.

ಅವನ ವರಸೆಯೇ ಬೇರೆ. ಗಾಡಿ ಬಂದರೆ ನಾನು ಸ್ಪ್ಯಾನರ್ ಹಿಡಿಯುತ್ತೇನೆ, ಅವನು ಸ್ಟೂಲು ಹಾಕುತ್ತಾನೆ. ಗಾಡಿಯವನನ್ನು ಕೂರಿಸಿ ಮಾತಿಗಿಳಿಯುತ್ತಾನೆ. ಹೊಗೆ ಯಾವಾಗಿನಿಂದ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಏರು ಹತ್ತುವಾಗಲೋ, ಇಳಿಜಾರು ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗಲೋ? ಆಮೇಲೆ ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದು, ಅದನ್ನು ಮೂಸಿ ನೋಡುತ್ತಾನೆ. ಆ ಕರ್ಚೀಫನ್ನು ಅವನ ಹೆಂಡತಿ ಖುರ್ಷಿದ್ ದಿನಾ ಒಗೆದು ಮಡಿಸಿ ಕೊಡುತ್ತಿದ್ದಳಂತೆ. ನಾಟಕ ಎಂದು ನಾನು ಎಲ್ಲರೆದುರು ಮೂಗು ಮುರಿಯುತ್ತಿದ್ದೆ. ಆದರೆ ಅವನು ಹೇಳಿದ ಕಡೆಯೇ ಇಂಜಿನ್ನಿನ ದೋಷ ಸಿಗುತ್ತಿತ್ತು. ಇಷ್ಟು ಸಾಲದೆಂಬಂತೆ ಅವನ ಉಗುರುಗಳಲ್ಲಿ ಗ್ರೀಸೂ ಇರುತ್ತಿರಲಿಲ್ಲ. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

1969ರ ಆಯುಧಪೂಜೆಗೆ ನರಸಿಂಹಯ್ಯನವರ ಮನೆಗೇ ಹೋಗಿ ಕಾರು ತೊಳೆದು, ಆಯಿಲ್ ಬದಲಿಸಿ, ಅಲಂಕಾರ ಮಾಡಿಕೊಟ್ಟೆ. ಹತ್ತು ದಿನಕ್ಕೆ ಅವರು ಕಾರು ತಂದು ನಿಲ್ಲಿಸಿದರು. ಹಿಂದೆ ನೀಲಿ ಹೊಗೆ. ಕಪ್ಪು ಹೊಗೆಯಾದರೆ ಪೆಟ್ರೋಲು ಜಾಸ್ತಿ, ನೀಲಿಯಾದರೆ ಆಯಿಲ್ ಉರಿಯುತ್ತಿದೆ ಎಂದು ಯಾವ ಮೆಕ್ಯಾನಿಕ್ಕಾದರೂ ಹೇಳುತ್ತಾನೆ. ಪಿಸ್ಟನ್ ರಿಂಗು ಸವೆದರೆ ಇಂಜಿನ್ ಆಯಿಲ್ ಮೇಲೆ ಹತ್ತಿ ಉರಿಯುತ್ತದೆ. ಕಾರು ಬೇಕಾದಷ್ಟು ಓಡಿತ್ತು.

"ರಿಂಗು ಹೋಗಿದೆ ಯಜಮಾನ್ರೇ. ಇಂಜಿನ್ ಬಿಚ್ಬೇಕು," ಎಂದೆ.

ಅವರು ಎದುರು ಶೆಡ್ಡಿನ ಕಡೆ ನೋಡಿದರು. "ಬಿಚ್ಚೋಕ್ ಮುಂಚೆ ಖಲೀಲನ್ನೂ ಒಂದ್ಮಾತು ಕೇಳೋಣೇನಪ್ಪಾ?"

ಆ ಒಂದು ಮಾತು ನನ್ನ ತಲೆ ಕೆಡಿಸಿತು. "ಅವನನ್ನ ಕೇಳೋದಾದ್ರೆ ಗಾಡಿನೂ ಅಲ್ಲೇ ಬಿಡಿ," ಎಂದುಬಿಟ್ಟೆ. ಅವರು ಹಳೆಯ ವಿಶ್ವಾಸಕ್ಕೆ ಕಾರನ್ನು ನನ್ನಲ್ಲೇ ಬಿಟ್ಟರು.

ಇಂಜಿನ್ ಬಿಚ್ಚಿದೆ. ರಿಂಗುಗಳು ಚೆನ್ನಾಗಿಯೇ ಇದ್ದವು, ಸಿಲಿಂಡರಿನಲ್ಲಿ ಒಂದು ಗೀರೂ ಇರಲಿಲ್ಲ. ಖಲೀಲುಲ್ಲಾನನ್ನು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆಗಲೇ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು. ಹೊಸ ರಿಂಗು ಹಾಕಿ ಮುಚ್ಚಿ, ಎಲ್ಲವನ್ನೂ ಮೊದಲಿನಂತೆಯೇ ಜೋಡಿಸಿ ಕೊಟ್ಟೆ. ಮರುದಿನ ಕಾರು ಬಸ್ ನಿಲ್ದಾಣದ ಮುಂದೆ ನೀಲಿ ಹೊಗೆ ಬಿಟ್ಟುಕೊಂಡು ಹೋದದ್ದನ್ನು ಊರೇ ನೋಡಿತು.

ನರಸಿಂಹಯ್ಯನವರು ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಈ ಕಾರು ಕೈಬಿಟ್ಟರೆ ನನ್ನ ಹೆಸರು ಮುಗಿಯಿತು ಎಂದುಕೊಂಡೇ ಹೋದೆ. ಜಗಲಿಯ ಮೇಲೆ ಅವರ ತಾಯಿ ಮುನಿತಾಯಮ್ಮ ಮೊರದಲ್ಲಿ ರಾಗಿ ಕೇರುತ್ತ ಕುಳಿತಿದ್ದರು.

ಖಲೀಲುಲ್ಲಾ ಬಾನೆಟ್ಟಿಗೆ ಕೈ ಹಚ್ಚಲಿಲ್ಲ. "ಹೊಗೆ ಯಾವಾಗಿಂದ ಸಾರ್?" ಎಂದ.

"ಹಬ್ಬ ಆದಾಗಿಂದ," ಎಂದು ಹೇಳಿ ನರಸಿಂಹಯ್ಯನವರು ಕೀ ತರಲು ಒಳಗೆ ಹೋದರು.

ಅವನು ಅಜ್ಜಿಯ ಕಡೆ ತಿರುಗಿದ. "ಹಬ್ಬದ ದಿನ ಕಾರಿಗೆ ಏನೇನು ಮಾಡಿದ್ರಮ್ಮಾ?"

"ಏನಿಲ್ಲ ಕಣಪ್ಪ, ಪೂಜೆ ಮಾಡ್ದೋ. ಈ ಬೈಲಪ್ಪ ಒಂದು ಬಟ್ಟಲಿಗೆ ಅರ್ಧ ಎಣ್ಣೆ ಹಾಕಿದ್ದ. ಹಬ್ಬದ ದಿನ ದೀಪದ ಎಣ್ಣೆನೂ ಅರ್ಧ ಇಡಲ್ಲ, ತುಂಬ್ಸಪ್ಪ ಅಂದೆ. ತುಂಬ್ಸಿಟ್ಟ."

ಅಜ್ಜಿ ಹೇಳಿದ್ದು ಯಾವ ಬಟ್ಟಲೆಂದು ನನಗೆ ತಕ್ಷಣ ಹೊಳೆಯಿತು. ಇಂಜಿನ್ನಿಗೆ ಗಾಳಿ ಹೋಗುವ ಕಡೆ, ಧೂಳು ತಡೆಯಲು ಎಣ್ಣೆ ಹಾಕುವ ಬಟ್ಟಲೊಂದು ಇರುತ್ತದೆ. ಅದರ ಒಳಗೊಂದು ಗೆರೆ. ಎಣ್ಣೆ ಆ ಗೆರೆ ದಾಟಿದರೆ ಇಂಜಿನ್ ಗಾಳಿಯ ಜೊತೆ ಅದನ್ನೂ ಎಳೆದುಕೊಂಡು ಸುಡುತ್ತದೆ. ದೊಡ್ಡವರ ಮಾತು, ಹಬ್ಬದ ದಿನ, ಇಷ್ಟರಿಂದ ಏನಾದೀತು ಎಂದು ಅಂಚಿನವರೆಗೆ ತುಂಬಿದ್ದೆ. ರಿಂಗು ಹಾಕಿ ಜೋಡಿಸುವಾಗಲೂ ಹಬ್ಬದ ಅಳತೆಯಲ್ಲೇ ಮತ್ತೆ ತುಂಬಿದ್ದೆ.

ಖಲೀಲುಲ್ಲಾ ನನ್ನ ಮುಖ ನೋಡಿದ. ಬಟ್ಟಲು ಬಿಚ್ಚಿ, ಹೆಚ್ಚಿನ ಎಣ್ಣೆಯನ್ನು ಡಬ್ಬಕ್ಕೆ ಸುರಿದು, ಗೆರೆಯ ಮಟ್ಟಕ್ಕೆ ಬಿಟ್ಟು ಮುಚ್ಚಿದ. ನರಸಿಂಹಯ್ಯನವರು ಬಂದು ಸ್ಟಾರ್ಟ್ ಮಾಡಿದರು. ಒಳಗೆ ಉಳಿದಿದ್ದ ಎಣ್ಣೆ ಸುಟ್ಟು, ಸ್ವಲ್ಪ ಹೊತ್ತಿಗೆ ಹೊಗೆ ನಿಂತಿತು.

"ಏನಾಗಿತ್ತಪ್ಪಾ?"

"ಏನಿಲ್ಲ ಸಾರ್. ಹೊಸ ರಿಂಗು, ಕೂತ್ಕೊಳ್ಳೋಕೆ ಟೈಮ್ ಹಿಡೀತು. ಬೈಲಪ್ಪಣ್ಣನ ಕೆಲಸ ಸರಿಯಾಗೇ ಇದೆ."

ಖಲೀಲನಿಂದಲೇ ಸೈ ಅನ್ನಿಸಿಕೊಂಡ ಬೈಲಪ್ಪ ಎಂದು ಊರು ಹೇಳಿತು. ಕಾರು ನನ್ನಲ್ಲೇ ಉಳಿಯಿತು, ಅವನ ಕಡೆ ಹೋಗಿದ್ದ ನಾಲ್ಕು ಲಾರಿಗಳೂ ನನ್ನಲ್ಲಿಗೆ ಬಂದವು. ಸಂತೋಷಪಡಬೇಕಿತ್ತು. ಆದರೆ ಅವನು ದೊಡ್ಡತನ ತೋರಿಸಲು ನನಗೆ ಭಿಕ್ಷೆ ಹಾಕಿದ ಎಂದು ಒಳಗೊಳಗೇ ಬೆಂದೆ. ಇವತ್ತಲ್ಲ ನಾಳೆ ಎತ್ತಿ ಆಡುತ್ತಾನೆ ಎಂದು ಕಾದೆ. ಅವನು ಟೀ ಕುಡಿಯಲು ಕರೆದರೆ ಇದಕ್ಕೇ ಇರಬೇಕು ಎಂದುಕೊಂಡು ಹೋಗುತ್ತಿರಲಿಲ್ಲ.

1975ರಲ್ಲಿ ಅವನಿಗೆ ಬೆಂಗಳೂರಿನ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಹೊರಡುವ ದಿನ ಹೇಳಿಹೋಗಲು ನನ್ನ ಶೆಡ್ಡಿಗೆ ಬಂದ. ತಡೆಯಲಾಗದೆ ಕೇಳಿಯೇಬಿಟ್ಟೆ.

"ಅವತ್ತು ಯಾಕೆ ಹಂಗೆ ಹೇಳ್ದೆ ಖಲೀಲ್? ಎಣ್ಣೆ ವಿಷಯ ಯಾಕೆ ಮುಚ್ಚಿಟ್ಟೆ?"

ಅವನಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತೇ ಹಿಡಿಯಿತು. "ಓ, ಅದಾ. ಆ ಅಮ್ಮ ಪಾಪ, ತನ್ನ ಮಾತಿಂದ ಮಗನ ಕಾರು ಕೆಟ್ಟಿತು ಅಂತ ಗೊತ್ತಾಗಿದ್ರೆ ಎಷ್ಟು ನೊಂದ್ಕೊತಿದ್ರು. ಮುಂದೆ ಹಬ್ಬದ ದಿನ ಕಾರಿನ ಹತ್ರಾನೇ ಬರ್ತಿರ್ಲಿಲ್ಲ. ಅದಕ್ಕೇ ಹಂಗಂದೆ."

"ನನ್ನ ಹೆಸರು ಉಳೀಲಿ ಅಂತ ಅಲ್ವಾ?"

ಅವನು ನಿಜವಾಗಿಯೂ ಯೋಚನೆ ಮಾಡಿದ. "ಇಲ್ಲ ಬೈಲಪ್ಪಣ್ಣ. ಸುಳ್ಳು ಯಾಕೆ ಹೇಳ್ಲಿ, ನಿಮ್ಮ ವಿಷಯ ಆವಾಗ ತಲೆಗೇ ಬರ್ಲಿಲ್ಲ."

ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಆರು ವರ್ಷ ಬೆಳಗಾಗೆದ್ದರೆ ನನಗೆ ಅವನದೇ ಚಿಂತೆ. ಅವನಿಗೆ ನನ್ನದು ಒಂದು ದಿನವೂ ಇರಲಿಲ್ಲ.