ಲೇಬಲ್ ಕಿತ್ತ ಬಾಟಲಿ

ಅತ್ತೆ, ಇಷ್ಟು ವರ್ಷ ನಾನು ನಿಮ್ಮ ಕೈಗೆ ಕೊಟ್ಟಿದ್ದು ನೀಲಗಿರಿ ಎಣ್ಣೆಯಲ್ಲ. ಸ್ಪಿರಿಟ್ಟು. ಇಂಜೆಕ್ಷನ್ ಚುಚ್ಚುವ ಮೊದಲು ನರ್ಸು ತೋಳಿಗೆ ಒರೆಸುತ್ತಾಳಲ್ಲ, ಅದೇ — ಆಲ್ಕೋಹಾಲು. ಅದರಲ್ಲಿ ನಾಲ್ಕು ಹನಿ ನೀಲಗಿರಿ ಎಣ್ಣೆಯೂ ಇತ್ತು, ನಿಜ. ಆದರೆ ಅದನ್ನು ಹಾಕಿದ್ದು ವಾಸನೆ ಮುಚ್ಚಿಹಾಕುವುದಕ್ಕೆ.

ಯಾರಿಗೆ ಕೊಟ್ಟೆ? ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡಾಗಲೂ ಹೋಮಿಯೋಪತಿ ಔಷಧವನ್ನು "ಅದ್ರಲ್ಲಿ ಸಾರಾಯಿ ಇರುತ್ತೆ, ನಂಗ್ಬೇಡ" ಎಂದು ಪಕ್ಕಕ್ಕೆ ಸರಿಸಿದವರಿಗೆ. ಫೋನ್ ಬಂದಾಗ "ನಾನಿಲ್ಲ ಅಂತ ಹೇಳಮ್ಮ" ಎಂದ ಮಗನಿಗೆ "ನೀನೇ ಎದ್ದು ಬಂದು ನೀನಿಲ್ಲ ಅಂತ ಹೇಳು" ಎಂದು ರಿಸೀವರ್ ಚಾಚಿದವರಿಗೆ. ಅಂಥವರಿಗೆ ನಾನು —

ಮೊದಲಿನಿಂದ ಹೇಳುತ್ತೇನೆ. ನಾನು ತ್ಯಾಗರಾಜನಗರದ ಈ ಮನೆಗೆ ಸೊಸೆಯಾಗಿ ಬಂದ ಹೊಸತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮ ಮಗ ಆಫೀಸಿನಿಂದ ತಂದಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾರ್ಕರಿನಲ್ಲಿ ಏನೋ ತಪ್ಪು ಬರೆದು, ಅಳಿಸಿಕೊಡು ಎಂದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಇಟ್ಟೆ. ಅಕ್ಷರ ಹೋಗಲಿಲ್ಲ, ಅರಳಿತು. ನೀಲಿ ಬಣ್ಣ ಅಂಚಿನಲ್ಲಿ ಗಾಢವಾಗಿ, ನಡುವೆ ತೆಳುವಾಗಿ ಹರಡಿ ಒಂದು ದಾಸವಾಳದ ದಳ ಆಗಿಬಿಟ್ಟಿತು. ನನಗೆ ಹುಚ್ಚು ಹಿಡಿದದ್ದು ಅವತ್ತು. ಮಾರ್ಕರ್ ಪೆನ್ನುಗಳನ್ನು ಒಡೆದು ಒಳಗಿನ ಬತ್ತಿ ತೆಗೆದು ಸ್ಪಿರಿಟ್ಟಿನಲ್ಲಿ ನೆನೆಹಾಕಿದೆ. ಪ್ರಿಂಟಿಂಗ್ ಪ್ರೆಸ್ಸಿನಿಂದ ಮದುವೆ ಕಾರ್ಡು ಕತ್ತರಿಸಿ ಉಳಿದ, ಮೇಲೆ ಪ್ಲಾಸ್ಟಿಕ್ ಅಂಟಿಸಿದ ತುಂಡುಗಳನ್ನು ಬೇಡಿ ತಂದೆ. ಬಣ್ಣದ ಒಂದು ಹನಿ, ಬರೀ ಸ್ಪಿರಿಟ್ಟಿನ ಒಂದು ಹನಿ, ಮೇಲೆ ಉಫ್ ಎಂದು ಒಂದು ಊದು. ಊದಿದ ಕಡೆ ಬಣ್ಣ ಓಡುತ್ತಿತ್ತು.

ಮೂರನೆಯ ದಿನ ನೀವು ಬಾಗಿಲಲ್ಲಿ ನಿಂತಿರಿ. ಮೂಗು ಅರಳಿಸಿದಿರಿ. ಬಂತು ಗ್ರಹಚಾರ ಎಂದುಕೊಂಡೆ. ಆದರೆ ನಿಮ್ಮ ಕಣ್ಣು ಕಾರ್ಡಿನ ಮೇಲಿತ್ತು.

"ಎಷ್ಟು ಚೆನ್ನಾಗಿದೆಯೇ ವಸು. ನಂಗೂ ಹೇಳ್ಕೊಡ್ತೀಯಾ?" ಎಂದಿರಿ. ಆಮೇಲೆ ಬಾಟಲಿ ತೋರಿಸಿ, "ಇದ್ರಲ್ಲಿ ಅದೂ ಇದೂ ಏನಿಲ್ಲ ತಾನೇ?"

"ಇಲ್ಲ ಅತ್ತೆ. ನೀಲಗಿರಿ ಎಣ್ಣೆ."

ಇಷ್ಟೇ. ಹೆದರಿಕೆಯಿಂದ ಹೇಳಿದೆ ಎಂದರೆ ಅರ್ಧ ಸುಳ್ಳಾಗುತ್ತದೆ. ನೀವು ಪಕ್ಕದಲ್ಲಿ ಕೂರಬೇಕು ಎಂದು ಆಸೆಯಾಗಿತ್ತು. ಅಲ್ಲಿಯವರೆಗೆ ನಮ್ಮಿಬ್ಬರ ಮಾತೆಲ್ಲ ಹುಳಿಗೆ ಉಪ್ಪು ಸಾಕೇ, ಹಾಲಿನವನು ಬಂದನೇ ಎನ್ನುವಷ್ಟರಲ್ಲೇ ಮುಗಿಯುತ್ತಿತ್ತು. ಅಂಥ ನೀವು "ನಂಗೂ" ಎಂದಿರಿ. ಆ "ನಂಗೂ" ನನಗೆ ಬೇಕಿತ್ತು, ಅದಕ್ಕೆ ನಿಮ್ಮ ವ್ರತ ಕೊಟ್ಟೆ. ನಿಮ್ಮನ್ನು ಕೇಳದೆ.

ಅವತ್ತು ಸಂಜೆಯೇ ಬಾಟಲಿಯ ಲೇಬಲ್ ನೆನೆಸಿ ಕಿತ್ತೆ. ನೀಲಗಿರಿ ಎಣ್ಣೆಯ ನಾಲ್ಕು ಹನಿ ಬೆರೆಸಿದೆ. ಆಮೇಲೆ ಆದದ್ದನ್ನು ಏನೆಂದು ಹೇಳಲಿ — ಮೋಸಕ್ಕೆಂದು ಹಾಕಿದ ಎಣ್ಣೆಯೇ ಬಣ್ಣವನ್ನು ಅಲ್ಲಲ್ಲಿ ದೂರ ತಳ್ಳಿ, ಕಾರ್ಡಿನ ತುಂಬ ಪುಟ್ಟ ಪುಟ್ಟ ಬಿಳಿ ಕಣ್ಣು ಬಿಡಿಸಿತು. ನೀವು ಕನ್ನಡಕ ಏರಿಸಿ ನೋಡಿ, "ಅಯ್ಯೋ, ದೋಸೆ ಕಣೇ ಇದು! ನೀಲಿ ದೋಸೆ!" ಎಂದು ನಕ್ಕಿರಿ. ನೀವು ಅಷ್ಟು ಜೋರಾಗಿ ನಗುತ್ತೀರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ವರ್ಷಗಳು ಎಷ್ಟು ಚೆನ್ನಾಗಿದ್ದವು. ಪೂಜೆ ಮುಗಿಸಿ ಮಡಿ ಸೀರೆಯಲ್ಲೇ ಬಂದು ಕೂರುತ್ತಿದ್ದಿರಿ. "ಇದೂ ಪೂಜೆನೇ" ಎನ್ನುತ್ತಿದ್ದಿರಿ. ಎಳನೀರಿನವನ ಹತ್ತಿರ ಒಂದು ಹಿಡಿ ಸ್ಟ್ರಾ ಕೇಳಿ ತಂದು ಊದುತ್ತಿದ್ದಿರಿ. ಅರಿಸಿನ ಬಣ್ಣದ ಪಕ್ಕ ಹಸಿರು ಬಿಟ್ಟು, "ಹುಷಾರು, ಕೂಡಿದ್ರೆ ಸಗಣಿ ಬಣ್ಣ ಆಗುತ್ತೆ" ಎಂದು ನನಗೇ ಪಾಠ ಮಾಡುತ್ತಿದ್ದಿರಿ. ಸಂಕ್ರಾಂತಿಗೆ ಎಳ್ಳಿನ ಪೊಟ್ಟಣದ ಜೊತೆ ನಮ್ಮ ಕಾರ್ಡು, ನವರಾತ್ರಿಗೆ ಗೊಂಬೆ ನೋಡಲು ಕರೆಯುವುದಕ್ಕೂ ನಮ್ಮದೇ ಕಾರ್ಡು. ಜಯನಗರದಿಂದ ಬನಶಂಕರಿವರೆಗೆ ನೆಂಟರೆಲ್ಲ ಅದನ್ನು ಶೋಕೇಸಿನಲ್ಲಿ ನಿಲ್ಲಿಸಿದ್ದರು. ಮೊಟ್ಟಮೊದಲ ಕಾರ್ಡನ್ನು ನೀವು ದೇವರ ಮುಂದೆ ಇಟ್ಟಿರಿ. ಅದು ಈಗಲೂ ಅಲ್ಲೇ ಇದೆ, ಬಣ್ಣ ಮಾಸಿಕೊಂಡು.

ಒಂದು ಏಕಾದಶಿ. ನೀರನ್ನೂ ಮುಟ್ಟದ ಉಪವಾಸ ನಿಮ್ಮದು. ಊದುವ ಬದಲು ಮರೆತು ಎಳೆದುಬಿಟ್ಟಿರಿ. ಬಣ್ಣ ಸ್ಟ್ರಾದಲ್ಲಿ ಏರಿ ತುಟಿ ನೀಲಿಯಾಯಿತು. ಕನ್ನಡಿಯಲ್ಲಿ ನೋಡಿಕೊಂಡು, "ಕೃಷ್ಣ ಆಗ್ಬಿಟ್ಟೆ ನಾನು" ಎಂದು ನಕ್ಕಿರಿ. ನಾನು ಬಾಯಿ ಮುಕ್ಕಳಿಸಿ ಎಂದು ಚೊಂಬು ಹಿಡಿದು ನಿಂತೆ. ಆಗಲಾದರೂ ಹೇಳಬೇಕಿತ್ತು. ನಿಮ್ಮ ಮಗ ಕೂಡ ಆ ಸಂಜೆ, "ಹೇಳ್ಬಿಡೇ, ಬೈದ್ರೆ ಬೈಸ್ಕೋ" ಎಂದರು. ನಾಳೆ ಎಂದೆ.

ಇನ್ನೂ ಕೆಟ್ಟದ್ದು ಆಮೇಲೆ ನಡೆಯಿತು.

ನಿಮ್ಮ ಭಜನಾ ಮಂಡಳಿಯ ಪದ್ಮಕ್ಕ ಕೇಳಿದರು, ಇದನ್ನು ಮಾಡುವುದು ಹೇಗೆ ಎಂದು. ನೀವು ಬಚ್ಚಿಡುವವರೇ? ಬಣ್ಣವನ್ನೂ ಕಾರ್ಡನ್ನೂ ನಮ್ಮಿಂದಲೇ ಕೊಟ್ಟಿರಿ. "ನೀಲಗಿರಿ ಎಣ್ಣೆ ಹಾಕಿ, ಊದಿ, ಅಷ್ಟೇ" ಎಂದು ಇದ್ದದ್ದನ್ನು — ಇದೆ ಎಂದು ನೀವು ನಂಬಿದ್ದನ್ನು — ಹೇಳಿಕೊಟ್ಟಿರಿ. ಅವರು ಶುದ್ಧ ನೀಲಗಿರಿ ಎಣ್ಣೆ ತಂದು ಸುರಿದರು. ಏನಾಗುತ್ತದೆ? ಬಣ್ಣ ಜಿಡ್ಡಾಗಿ ಕೂತಲ್ಲೇ ಕೂತಿತು, ಮನೆಯೆಲ್ಲ ನೆಗಡಿ ಔಷಧದ ವಾಸನೆ. ಮುಂದಿನ ಶುಕ್ರವಾರ ಭಜನೆಯಲ್ಲಿ ಎಲ್ಲರೆದುರು ಪದ್ಮಕ್ಕ ಅಂದರಂತೆ, "ಹೇಳೋಕೆ ಇಷ್ಟ ಇಲ್ದಿದ್ರೆ ಇಲ್ಲ ಅನ್ಬೇಕಿತ್ತು. ಸುಳ್ಳು ಯಾಕೆ ಹೇಳ್ಬೇಕಿತ್ತು?"

ನೀವು ಮನೆಗೆ ಬಂದು ತಾಳವನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟಿರಿ. "ನನ್ನ ಸುಳ್ಳುಗಾತಿ ಅಂದ್ಬಿಟ್ಟಳು ವಸು. ಈ ವಯಸ್ಸಲ್ಲಿ." ಅಷ್ಟೇ ಹೇಳಿದಿರಿ. ರಾತ್ರಿ ಊಟ ಬೇಡ ಎಂದಿರಿ. ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ, ಬಾಯಿ ತೆರೆದಿದ್ದೆ ಕೂಡ. ಹೊರಟಿದ್ದು ಬೇರೆ ಮಾತು: "ಆ ಅಂಗಡಿ ಎಣ್ಣೆ ಕಲಬೆರಕೆ ಇರ್ಬೇಕು ಅತ್ತೆ. ನಮ್ಮದನ್ನೇ ಒಂದು ಬಾಟ್ಲಿ ಕಳ್ಸೋಣ."

ಕಲಬೆರಕೆ! ಆ ಪದ ನನ್ನ ಬಾಯಿಂದ!

ಬಾಟಲಿ ಹೋಯಿತು. ಪದ್ಮಕ್ಕನ ಕಾರ್ಡಿನಲ್ಲೂ ದೋಸೆ ಎದ್ದಿತು. ಅವರು ಬಂದು ನಿಮ್ಮ ಕೈಹಿಡಿದು ಕ್ಷಮೆ ಕೇಳಿದರು. ನೀವು ಕಾಫಿ ಕೊಟ್ಟು ಕಳಿಸಿದಿರಿ. ಮುಂದಿನ ತಿಂಗಳಿಂದ ಇಡೀ ಮಂಡಳಿ ನಮ್ಮ ನಡುಮನೆಯಲ್ಲಿ. ಭಜನೆ ಮುಗಿದ ಮೇಲೆ ಚಾಪೆ ಹಾಸಿ, ಸೆರಗು ಸಿಕ್ಕಿಸಿ, ಅಷ್ಟೂ ಜನ ಮಾಮಿಯರು ಸ್ಟ್ರಾ ಕಚ್ಚಿಕೊಂಡು ಸ್ಪಿರಿಟ್ಟಿನ ಮೇಲೆ ಊದುವುದು, ಒಬ್ಬರ ಕಾರ್ಡು ನೋಡಿ ಇನ್ನೊಬ್ಬರು "ನಿಮ್ದು ಸೀದೋಗಿದೆ ಬಿಡಿ" ಎಂದು ರೇಗಿಸುವುದು. ಆ ನಗು ನೆನಪಾದರೆ ಈಗಲೂ ನಗು ಬರುತ್ತದೆ. ನಾನೂ ನಗುತ್ತಿದ್ದೆ ಅತ್ತೆ, ಸುಖವಾಗಿಯೇ ನಗುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆ ಸುಖ ಸುಳ್ಳಲ್ಲ. ಅದು ನನ್ನದಾಗಿರಲಿಲ್ಲ, ಅಷ್ಟೇ.

ಪದ್ಮಕ್ಕ ಕ್ಷಮೆ ಕೇಳಬೇಕಾಗಿರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸುಳ್ಳು ಹೇಳಿದವಳು ಮಾತ್ರ ಬೇರೆ.

ಈಗ ಪದ್ಮಕ್ಕನ ಯಜಮಾನರಿಗೆ ಸಹಸ್ರಚಂದ್ರ ದರ್ಶನ. ಕರೆಯೋಲೆಗೆ ನಮ್ಮದೇ ಕಾರ್ಡಾಗಬೇಕಂತೆ. ನಿಮ್ಮ ಕಣ್ಣು ಮಂಜಾಗಿದೆ, ಕೈ ಸ್ವಲ್ಪ ನಡುಗುತ್ತದೆ, ಆದರೂ ನಿನ್ನೆಯಿಂದ ಮಗುವಿನ ಹಾಗೆ ಕಾಯುತ್ತಿದ್ದೀರಿ. "ನಾಳೆ ಪೂಜೆ ಆದ್ಮೇಲೆ ಶುರು ಮಾಡೋಣ. ಎಣ್ಣೆ ತರ್ಸಿಟ್ಟಿರು" ಎಂದಿರಿ.

ಬೆಳಿಗ್ಗೆಯೇ ಜಯನಗರ ಫೋರ್ತ್ ಬ್ಲಾಕಿನ ಮೆಡಿಕಲ್ ಶಾಪಿಗೆ ಹೋಗಿದ್ದೆ. "ಇಂಜೆಕ್ಷನ್‌ಗಾ ಆಂಟಿ?" ಎಂದ ಅಂಗಡಿಯವನು. ಇಷ್ಟು ವರ್ಷ ಹೂಂ ಎಂದವಳು, ಇವತ್ತು "ಅಲ್ಲಪ್ಪ, ಕಾರ್ಡ್ ಮಾಡೋಕೆ" ಎಂದೆ. ಅವನಿಗೇನೂ ಅನ್ನಿಸಲಿಲ್ಲ. ನನಗೆ ಮಾತ್ರ ಕಾಲು ಹಗುರಾಯಿತು.

ಬಾಟಲಿ ಮೇಜಿನ ಮೇಲಿದೆ. ಲೇಬಲ್ ಕಿತ್ತಿಲ್ಲ. ನಿಮಗೆ ಓದಲು ಆಗದು, ನಾನೇ ಗಟ್ಟಿಯಾಗಿ ಓದುತ್ತೇನೆ. ಬೇಡ ಎಂದರೆ ಇವತ್ತಿಗೆ ನಿಲ್ಲುತ್ತದೆ. ದೇವರ ಮುಂದಿನ ಕಾರ್ಡು ತೆಗಿ ಎಂದರೆ ನನ್ನ ಕೈಯಾರೆ ತೆಗೆಯುತ್ತೇನೆ. ಮಾತು ಬಿಟ್ಟರೆ — ಅದನ್ನು ನಾನು ತಾಳಿಕೊಳ್ಳಲಾರೆ, ಆದರೂ ನಿಮ್ಮಿಷ್ಟ. ಶುಕ್ರವಾರ ಮಂಡಳಿಯವರೆಲ್ಲರೆದುರು ಹೇಳುವುದೂ ನನ್ನದೇ ಕೆಲಸ.

ದೇವರಮನೆಯಲ್ಲಿ ಗಂಟೆ ನಿಂತಿತು. ಹೆಜ್ಜೆ ಈ ಕಡೆಗೇ ಬರುತ್ತಿದೆ.

"ವಸೂ, ಎಣ್ಣೆ ಬಂತೇನೇ?"

"ಬನ್ನಿ ಅತ್ತೆ, ಕೂತ್ಕೊಳಿ. ಅದು ಎಣ್ಣೆಯಲ್ಲ."