ಸೀಟು ಇಳಿದದ್ದು ಖರೆ

ಕೊರೊನಾ ಕಾಟ ಮುಗಿದು ಶಾಲೆಗಳು ಮತ್ತೆ ಪೂರ್ತಿಯಾಗಿ ತೆರೆದ ವರ್ಷ ನಾನು ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಊರ ಜನರ ಬಾಯಲ್ಲಿ ಪಿ.ಟಿ. ಮಾಸ್ತರ. ನಿವೃತ್ತಿ ಹತ್ತಿರವಾಗಿತ್ತು. ಮನೆ ಕಲಬುರಗಿಯ ಐವಾನ್-ಎ-ಶಾಹಿ ಕಡೆಗಿದ್ದುದರಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಾನಿದ್ದ ಕಾಲದಲ್ಲಿ ಶಾಲೆ ಗೆದ್ದ ಕಪ್ಪುಗಳೂ ಇವೆ, ಅವುಗಳ ವಿಷಯವನ್ನು ಬೀಳ್ಕೊಡುಗೆಯ ದಿನ ಬೇರೆಯವರು ಸಾಕಷ್ಟು ಹೇಳಿದ್ದಾರೆ. ಈಗಲೂ ನೆನೆದರೆ ಹೊಟ್ಟೆ ಉರಿಯುವುದು ಒಂದು ಸೈಕಲ್ ಸೀಟಿನ ಸಂಗತಿಗೆ. ಅದನ್ನು ಯಾರೂ ಹೇಳಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮ ಶಾಲೆಗೆ ಮಹಾಗಾಂವದಿಂದ ಸುಜಾತಾ ಎಂಬ ಹುಡುಗಿ ಬರುತ್ತಿದ್ದಳು. ತಂದೆ ಟಂಟಂ ಆಟೊ ಓಡಿಸುತ್ತಿದ್ದರು. ಆಕೆಗೆ ಬಸ್ ಪಾಸ್ ಇತ್ತು, ಆದರೂ ಅಣ್ಣನ ಹಳೇ ಸೈಕಲ್ ಮೇಲೆ ಹೆದ್ದಾರಿಯ ಅಂಚು ಹಿಡಿದು ಬರುತ್ತಿದ್ದಳು. ಒಂದು ದಿನ ನಾನು ಬಸ್ಸಿಳಿದು ಶಾಲೆಗೆ ನಡೆದು ಬರುವಷ್ಟರಲ್ಲಿ ಆಕೆ ಆಗಲೇ ಸೈಕಲ್ ಸ್ಟ್ಯಾಂಡ್ ಹಾಕಿ ಮುಖ ತೊಳೆಯುತ್ತಿದ್ದಳು. ಅದೇ ಬಸ್ಸಿನ ಕಿಟಕಿಯಿಂದ ಮಹಾಗಾಂವ ಕ್ರಾಸ್ ಬಳಿ ಆಕೆಯನ್ನು ನೋಡಿದ್ದೆ.

"ಬಸ್ಸಿಗಿಂತ ಮೊದಲ ಹ್ಯಾಂಗ ಬಂದಿ?" ಎಂದು ಕೇಳಿದೆ.

"ಬಸ್ಸ ಕೈ ಮಾಡಿದಲ್ಲೆಲ್ಲಾ ನಿಲ್ತದ್ರಿ ಸರ್. ನಾ ಎಲ್ಲೂ ನಿಲ್ಲಂಗಿಲ್ಲ," ಎಂದಳು.

ಆಕೆಯ ಕಾಲು ನೋಡಿದೆ. ವಯಸ್ಸಿಗೆ ಮೀರಿದ ಉದ್ದ. ಸೈಕಲ್ ರೇಸಿಗೆ ದೇವರೇ ಅಳತೆ ತೆಗೆದು ಮಾಡಿದಂಥ ಕಾಲು. ನನಗೆ ಸೈಕಲ್ ವಿಷಯದಲ್ಲಿ ಇಷ್ಟು ಧೈರ್ಯ ಬರಲು ಕಾರಣವಿದೆ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ನಮ್ಮ ಅಬ್ಬಾನದು ಬಾಡಿಗೆ ಸೈಕಲ್ ಅಂಗಡಿ. ನಾನು ಅಕ್ಷರ ಕಲಿಯುವ ಮೊದಲೇ ಪಂಕ್ಚರ್ ಹಾಕುವುದನ್ನು ಕಲಿತವನು. ನೌಕರಿ ಸಿಕ್ಕ ಮೇಲೂ ಕೈಯ ವಾಸನೆ ಪೂರ್ತಿ ಹೋಗಲಿಲ್ಲ.

ಆ ವರ್ಷ ಬೇರೆ ಜಿಲ್ಲೆಯ ಒಂದು ಕ್ರೀಡಾ ಹಾಸ್ಟೆಲ್‌ಗೆ ಸೈಕ್ಲಿಂಗ್ ಆಯ್ಕೆ ಕಲಬುರಗಿಯಲ್ಲಿ ನಡೆಯುವುದಿತ್ತು. ಆಯ್ಕೆಯಾದರೆ ಊಟ, ವಸತಿ, ಶಾಲೆ, ತರಬೇತಿ ಎಲ್ಲಾ ಅಲ್ಲೇ. ಹುಡುಗಿಯರಿಗೆ ಎರಡೇ ಸೀಟು. ಮುಂದಿನ ವರ್ಷಕ್ಕೆ ಸುಜಾತಾಳ ವಯಸ್ಸು ಮೀರುತ್ತಿತ್ತು, ಅಂದರೆ ಆಕೆಗೆ ಇದು ಮೊದಲ ಅವಕಾಶವೂ ಹೌದು, ಕೊನೆಯದೂ ಹೌದು. ತಿಂಗಳುಗಟ್ಟಲೆ ಬೆಳಗಿನ ಹೊತ್ತು ತಯಾರಿ ಮಾಡಿಸಿದೆ. ಅವರ ಮನೆಗೆ ಹೋದಾಗ ಆಕೆಯ ತಾಯಿ ಒಂದು ಟ್ರಂಕು ತೋರಿಸಿದರು. ಹೊಸದಲ್ಲ, ಬಣ್ಣ ಮಾತ್ರ ಹೊಸದು.

"ಹಾಸ್ಟೆಲ್‌ದಾಗ ಕಳವು ಭಾಳ ಅಂತಾರ್ರಿ ಸರ್. ಚೊಲೊ ಕೀಲಿ ತಂದೀನಿ," ಎಂದರು.

ಆಯ್ಕೆ ಇನ್ನೂ ಆಗಿರಲಿಲ್ಲ, ಆದರೂ ನಾನು ಬೀಗ ಜಗ್ಗಿ ನೋಡಿ ಗಟ್ಟಿ ಇದೆ ಎಂದೆ.

ಆಯ್ಕೆಯ ನಿಯಮ ಹೀಗಿತ್ತು: ಯಾರೂ ತಮ್ಮ ಸೈಕಲ್ ತರುವಂತಿಲ್ಲ, ಆಯೋಜಕರು ಕೊಡುವ ಒಂದೇ ಅಳತೆಯ, ಒಂದೇ ಮಾದರಿಯ ಸೈಕಲ್ಲುಗಳನ್ನೇ ಎಲ್ಲರೂ ಓಡಿಸಬೇಕು. ದುಡ್ಡಿದ್ದವರ ಮಕ್ಕಳು ದುಬಾರಿ ಸೈಕಲ್ ತಂದು ಗೆಲ್ಲಬಾರದು ಎಂಬುದು ಉದ್ದೇಶ. ನನಗೂ ಆ ನಿಯಮ ಹಿಡಿಸಿತ್ತು. ಹಿಂದಿನ ದಿನ ಸಂಜೆ ಮೈದಾನದ ಕೋಣೆಯಲ್ಲಿ ಸೈಕಲ್ ತೋರಿಸಿದರು. ಪ್ರತಿ ಸ್ಪರ್ಧಿ ತನ್ನ ಎತ್ತರಕ್ಕೆ ಸೀಟು ಹೊಂದಿಸಿಕೊಂಡು, ಸೈಕಲ್ಲಿಗೆ ತನ್ನ ನಂಬರ್ ಕಟ್ಟಿಸಿಕೊಳ್ಳಬೇಕು. ಸುಜಾತಾಳ ಸೀಟನ್ನು ಬಹಳ ಮೇಲಕ್ಕೆ ಎಳೆಯಬೇಕಾಯಿತು. ಎಳೆದು, ಬಿಗಿದು, ಆಕೆಯನ್ನು ಕೂರಿಸಿ ನಾಲ್ಕು ಸುತ್ತು ಹಾಕಿಸಿದೆ. ಇಳಿದಾಗ ನೋಡಿದರೆ ಸೀಟು ಒಂದು ಬೆರಳು ಕೆಳಗೆ ಕೂತಿತ್ತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಸೀಟಿನ ಕೆಳಗೆ ಆಧಾರಕ್ಕೆ ಒಂದು ಪೈಪು ಇರುತ್ತದೆ. ಅದಕ್ಕೆ ಸೀಟ್ ಪೋಸ್ಟ್ ಎನ್ನುತ್ತಾರೆ. ಅದು ಫ್ರೇಮಿನ ಕೊಳವೆಯೊಳಗೆ ಇಳಿದಿರುತ್ತದೆ. ಕೊಳವೆಯ ಬಾಯಿಯಲ್ಲಿ ಹಿಂದುಗಡೆ ಒಂದು ಸೀಳು, ಸುತ್ತ ಒಂದು ಕ್ಲ್ಯಾಂಪು, ಅದಕ್ಕೊಂದು ಬೋಲ್ಟು. ಬೋಲ್ಟು ಬಿಗಿದಂತೆ ಸೀಳು ಕಿರಿದಾಗಿ ಕೊಳವೆ ಪೋಸ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಷ್ಟೇ ವಿದ್ಯೆ. ಆದರೆ ಪೋಸ್ಟು ಕೂದಲೆಳೆಯಷ್ಟು ತೆಳ್ಳಗಿದ್ದರೂ ಸೀಳಿನ ಎರಡು ಅಂಚು ಒಂದಕ್ಕೊಂದು ತಾಗಿಬಿಡುತ್ತವೆ, ಪೋಸ್ಟು ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಆಮೇಲೆ ಪೈಲ್ವಾನನನ್ನು ಕರೆಸಿ ಬಿಗಿಸಿದರೂ ಬೋಲ್ಟಿನ ಥ್ರೆಡ್ ಸಾಯುತ್ತದೆಯೇ ಹೊರತು ಸೀಟು ನಿಲ್ಲುವುದಿಲ್ಲ. ನಾನು ಬಗ್ಗಿ ನೋಡಿದೆ. ಸೀಳಿನ ಅಂಚುಗಳು ಪೂರ್ತಿ ಕೂಡಿದ್ದವು. ಪೋಸ್ಟ್ ಹೊರಗೆಳೆದೆ, ತುಕ್ಕು ಹಿಡಿಯಬಾರದೆಂದು ಯಾರೋ ಧಾರಾಳವಾಗಿ ಎಣ್ಣೆ ಬೇರೆ ಬಳಿದಿದ್ದರು. ಅಳತೆ ತಪ್ಪಿದ ಪೋಸ್ಟು, ಅದರ ಮೇಲೆ ಎಣ್ಣೆ. ಪಕ್ಕದ ಸೈಕಲ್ಲುಗಳನ್ನೂ ನೋಡಿದೆ, ಎಲ್ಲವೂ ಹಾಗೇ ಇದ್ದವು. ಕುಳ್ಳಗಿನ ಹುಡುಗಿಯರ ಪೋಸ್ಟು ಮೊದಲೇ ಆಳಕ್ಕೆ ಇಳಿದು ಕೂತಿದ್ದರಿಂದ ಅವರಿಗೆ ತೊಂದರೆ ಕಾಣುತ್ತಿರಲಿಲ್ಲ. ಒಂದೇ ಮಾದರಿಯ ಸೈಕಲ್ ಕೊಟ್ಟ ಸಮಾನತೆಯ ಪೆಟ್ಟು ಬಿದ್ದದ್ದು ಎತ್ತರದ ಹುಡುಗಿಗೆ.

ಉಸ್ತುವಾರಿ ಅಧಿಕಾರಿಗಳ ಬಳಿ ಹೋದೆ. ದಪ್ಪ ಮೈಯ, ನಗುಮುಖದ ಮನುಷ್ಯ. ಯಾರನ್ನೂ ಬೈಯುತ್ತಿರಲಿಲ್ಲ, ಯಾರ ಕೆಲಸವನ್ನೂ ಮಾಡಿಕೊಡುತ್ತಿರಲಿಲ್ಲ.

"ಸಾಹೇಬ್ರ, ಸೀಟ ಇಳೀಲಾಕತ್ತದ. ತಗಡಿನ ಒಂದ ಪಟ್ಟಿ ಹಾಕಿದ್ರ ನಿಲ್ತದ. ನಾನೇ ಹಾಕ್ತೀನಿ," ಎಂದೆ.

"ನಿಮ್ಮ ಹುಡುಗಿ ಸೈಕಲ್‌ಗೆ ನೀವು ಪಟ್ಟಿ ಹಾಕಿದ್ರ ಉಳದ ಮಾಸ್ತರಗೋಳು ನನ್ನ ಬಿಡ್ತಾರೇನ್ರಿ?"

"ಹಂಗಾದ್ರ ಎಲ್ಲಾ ಸೈಕಲ್‌ಗೂ ಹಾಕ್ತೀನಿ."

"ಸೈಕಲ್ ತಪಾಸಣಿ ಆಗ್ಯಾವ, ಸಹಿ ಆಗ್ಯಾದ. ಈಗ ಯಾರೂ ಕೈ ಹಚ್ಚಂಗಿಲ್ಲ. ನೀವು ಭಾಳ ತಲಿ ಕೆಡಿಸ್ಕೊಬ್ಯಾಡ್ರಿ, ಟೈಟ್ ಮಾಡಸ್ತೀನಿ."

ಟೈಟ್ ಮಾಡಿಸಿದರು. ಅವರ ಕಡೆಯವನೊಬ್ಬ ಉದ್ದನೆಯ ಪಾನಾ ತಂದು ಮೈಯ ಭಾರವನ್ನೆಲ್ಲಾ ಹಾಕಿ ತಿರುಗಿಸಿದ. ಬೋಲ್ಟು ಕಿರ್ರೆಂದಿತು. ನನ್ನ ಅಬ್ಬಾ ಅಂಗಡಿಯಲ್ಲಿ ಕೆಲಸ ಕಲಿಯುವವರಿಗೆ "ಪಹ್ಲೆ ಪೋಂಛ್, ಫಿರ್ ಕಸ್" ಎನ್ನುತ್ತಿದ್ದ. ಮೊದಲು ಒರೆಸು, ಆಮೇಲೆ ಬಿಗಿ. ಇವರು ಒರೆಸಲೂ ಇಲ್ಲ. ಕೋಣೆಗೆ ಬೀಗ ಹಾಕಿ ಎಲ್ಲರೂ ಚಹಾಕ್ಕೆ ಹೋದರು.

ಮರುದಿನ ಬೆಳಿಗ್ಗೆ ನಗರದ ಹೊರಗಿನ ರಸ್ತೆಯಲ್ಲಿ ಸ್ಪರ್ಧೆ. ಒಬ್ಬೊಬ್ಬರನ್ನೇ ಬಿಟ್ಟು, ಹೋಗಿ ತಿರುಗಿ ಬರುವ ಸಮಯ ಹಿಡಿಯುವ ಟೈಮ್ ಟ್ರಯಲ್. ಶುರುವಾಗುವ ಮುನ್ನ ಮೈಕಿನಲ್ಲಿ ನಿಯಮ ಓದಿದರು: ನಡುವೆ ನಿಂತವರು, ಸೈಕಲ್ಲಿಂದ ಇಳಿದವರು ಸ್ಪರ್ಧೆಯಿಂದ ಹೊರಗೆ. ನಾನು ಸುಜಾತಾಳಿಗೆ, "ಸೀಟ ಇಳದ್ರ ಇಳೀಲಿ, ನೀ ಮಾತ್ರ ಇಳೀಬ್ಯಾಡ," ಎಂದು ಹೇಳಿದೆ. ಆಕೆ ನಕ್ಕಳು. ಆ ನಗುವನ್ನು ನಾನು ಮತ್ತೆ ನೋಡಿಲ್ಲ.

ಬಿಟ್ಟಾಗ ಆಕೆ ಹೋದ ರೀತಿಗೆ ಬೇರೆ ಶಾಲೆಯ ಮಾಸ್ತರರೂ ತಿರುಗಿ ನೋಡಿದರು. ಬೆನ್ನು ಅಲುಗುತ್ತಿರಲಿಲ್ಲ, ಕಾಲು ಮಾತ್ರ ಸುತ್ತುತ್ತಿದ್ದವು. ನಾನು ಮುಕ್ತಾಯದ ಗೆರೆಯ ಬಳಿ ನಿಂತೆ. ತಿರುಗಿ ಬರುವಾಗ ದೂರದಿಂದಲೇ ಗೊತ್ತಾಯಿತು. ಮೊಣಕಾಲು ಹ್ಯಾಂಡಲ್ ತನಕ ಏರುತ್ತಿದ್ದವು. ದೊಡ್ಡವರು ಮಕ್ಕಳ ಸೈಕಲ್ ಓಡಿಸಿದಂತೆ ಕಾಣುತ್ತಿತ್ತು. ಸೀಟು ಫ್ರೇಮಿಗೆ ತಾಗುವಷ್ಟು ಇಳಿದುಬಿಟ್ಟಿತ್ತು. ಹಾಗೆ ಕೂತಾಗ ಕಾಲು ಪೂರ್ತಿ ಚಾಚುವುದಿಲ್ಲ, ತೊಡೆಗೆ ಬೆಂಕಿ ಬೀಳುತ್ತದೆ, ಬಲ ಪೆಡಲಿಗೆ ಮುಟ್ಟುವುದಿಲ್ಲ. ಆಕೆ ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಿದ್ದಳು, ಸೋತು ಕೂರುತ್ತಿದ್ದಳು, ಮತ್ತೆ ಏಳುತ್ತಿದ್ದಳು. ನಿಲ್ಲಲಿಲ್ಲ.

ಆಕೆಗೆ ಸಿಕ್ಕಿದ್ದು ಮೂರನೆಯ ಸ್ಥಾನ.

ಆ ಸೈಕಲ್ಲನ್ನು ನಾನೇ ತಳ್ಳಿಕೊಂಡು ಹೋಗಿ ಉಸ್ತುವಾರಿ ಸಾಹೇಬರ ಮೇಜಿನ ಮುಂದೆ ನಿಲ್ಲಿಸಿದೆ. ಸೀಟನ್ನು ಎಳೆದು ಮೇಲೆ ಮಾಡಿ, ಎಲ್ಲರೂ ನೋಡುತ್ತಿರುವಂತೆ ಒಂದೇ ಕೈಯಲ್ಲಿ ಒತ್ತಿದೆ. ಬೆಣ್ಣೆಗೆ ಬೆರಳಿಟ್ಟಂತೆ ಇಳಿಯಿತು.

"ನಿನ್ನಿ ಹೇಳಿದ್ದೆ, ಇಲ್ಲೋ?" ಎಂದೆ. ನನ್ನ ದನಿ ಏರಿತ್ತು.

"ಇಳದಾಗ ಅಲ್ಲೇ ನಿಂತು ಅಲ್ಲಿದ್ದವರಿಗೆ ಹೇಳಬೇಕಿತ್ತ ಆಕಿ."

ಸುಜಾತಾ ಏದುಸಿರು ಬಿಡುತ್ತಲೇ, "ನಿಂತ್ರ ಹೊರಗ ಅಂತ ನೀವೇ ಹೇಳೀರಲ್ರಿ," ಎಂದಳು.

ಸಾಹೇಬರು ಫಲಿತಾಂಶದ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ನಗುಮುಖದಲ್ಲೇ ಹೇಳಿದರು: "ಸರ್, ಸೀಟ ಇಳದದ್ದು ಖರೆ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಸೀಟ ತುಂಬ್ಯಾವ."

ಸುತ್ತ ನಿಂತವರಿಗೆ ಆ ಮಾತು ಬಲು ಚಮತ್ಕಾರವಾಗಿ ಕಂಡಿತು. ನಕ್ಕರು. ಮಾಸ್ತರರೂ ನಕ್ಕರು, ಅವರಲ್ಲಿ ಮೂವತ್ತು ವರ್ಷ ನನ್ನ ಜೊತೆ ಚಹಾ ಕುಡಿದವರೂ ಇದ್ದರು. ಒಬ್ಬ ಹುಡುಗಿಯ ಬದುಕು ಕಣ್ಣೆದುರಿಗೆ ಕೈಜಾರಿ ಹೋಗುವಾಗ ಒಂದೇ ಶಬ್ದಕ್ಕೆ ಎರಡು ಅರ್ಥವಿದೆಯೆಂದು ನಗುವ ಜನರ ಮೇಲೆ ನನಗೆ ಹುಟ್ಟಿದ ಅಸಹ್ಯ ಇವತ್ತಿಗೂ ಕಡಿಮೆಯಾಗಿಲ್ಲ.

ಸಿಟ್ಟಿಗೆ ಏನು ಮಾಡುವುದೆಂದು ತಿಳಿಯದೆ ಕೈಗೆ ಗೊತ್ತಿದ್ದ ಕೆಲಸ ಮಾಡಿದೆ. ಪಕ್ಕದ ಕಸದಲ್ಲಿ ಬಿದ್ದಿದ್ದ ತಂಪು ಪಾನೀಯದ ಡಬ್ಬಿ ಎತ್ತಿ, ಮೇಜಿನ ಮೇಲಿದ್ದ ಕತ್ತರಿಯಿಂದ ಅಗಲವಾದ ಪಟ್ಟಿ ಕತ್ತರಿಸಿದೆ. ಪೋಸ್ಟನ್ನೂ ಕೊಳವೆಯ ಒಳಗನ್ನೂ ಒಣ ಬಟ್ಟೆಯಿಂದ ಎಣ್ಣೆ ಹೋಗುವ ತನಕ ಉಜ್ಜಿದೆ. ಪಟ್ಟಿಯನ್ನು ಪೋಸ್ಟಿಗೆ ಸುತ್ತಿ, ಒಳಗೆ ಬೀಳದಂತೆ ಅದರ ಮೇಲಂಚನ್ನು ಹೊರಕ್ಕೆ ಮಡಚಿ, ಇಳಿಸಿದೆ. ಬೋಲ್ಟು ಸತ್ತಿತ್ತು, ಇನ್ನೊಂದು ಸೈಕಲ್ಲಿನದು ತೆಗೆದು ಹಾಕಿದೆ. ಹದವಾಗಿ ಬಿಗಿದಾಗ ಸೀಳಿನ ನಡುವೆ ಬೆಳಕು ಕಾಣುವಷ್ಟು ಸಂದು ಉಳಿಯಿತು. ಪೋಸ್ಟು ಹಿಡಿದಿದೆ ಎನ್ನುವುದಕ್ಕೆ ಅದೇ ಗುರುತು. ಆಮೇಲೆ ಸಾಹೇಬರಿಗೆ, "ನೀವೇ ಕೂಡ್ರಿ," ಎಂದೆ. ಇಷ್ಟು ಜನರೆದುರು ಬೇಡವೆನ್ನಲಾಗದೆ ತಮ್ಮ ಭಾರವನ್ನೆಲ್ಲಾ ಹಾಕಿ ಕೂತರು. ಸೀಟು ಅಲುಗಲಿಲ್ಲ.

ನಾನು ಗೆದ್ದವನಂತೆ ಸುತ್ತ ನೋಡಿದೆ. ಸುಜಾತಾ ನನ್ನ ಪಕ್ಕದಲ್ಲೇ ಇದ್ದಳು.

"ಈಗ ಯಾಕ್ರಿ ಸರ್?" ಎಂದಳು.

ನಾನು ಪಾನಾ ಕೆಳಗಿಟ್ಟೆ. ಮೇಲಿನವರಿಗೆ ದೂರು ಬರೆದೆ. ಸೈಕಲ್ಲುಗಳು ತಪಾಸಣೆಯಾಗಿದ್ದವು ಎಂದು ಉತ್ತರ ಬಂತು. ಆಯ್ಕೆಯಾದ ಇಬ್ಬರು ಹುಡುಗಿಯರೂ ಒಳ್ಳೆಯವರೇ, ಅವರ ತಪ್ಪೇನೂ ಇರಲಿಲ್ಲ. ಸುಜಾತಾ ಪರೀಕ್ಷೆ ಮುಗಿಯುವ ತನಕ ಬಸ್ಸಿನಲ್ಲಿ ಬಂದು ಹೋದಳು. ಸೈಕಲ್ ಎಲ್ಲಿ ಎಂದು ಕೇಳಿದರೆ, "ಅಣ್ಣಗ ಬೇಕಾಗ್ಯಾದ್ರಿ," ಎನ್ನುತ್ತಿದ್ದಳು. ಟ್ರಂಕಿನಲ್ಲಿ ಅವರ ತಾಯಿ ತೊಗರಿಬೇಳೆ ತುಂಬಿಟ್ಟರಂತೆ. ಕೀಲಿ ಹಾಕಿದರೋ ಇಲ್ಲವೋ ನಾನು ಕೇಳಲಿಲ್ಲ.

ಮರುವರ್ಷ ದೈಹಿಕ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ಅದೇ ಉಸ್ತುವಾರಿ ಸಾಹೇಬರು ವೇದಿಕೆ ಹತ್ತಿ, ಕಡಿಮೆ ಖರ್ಚಿನಲ್ಲಿ ಸೈಕಲ್ ಸೀಟು ಜಾರದಂತೆ ಮಾಡುವ 'ನಮ್ಮ ಪ್ರಯೋಗ' ಎಂದು ವಿವರಿಸಿದರು. ಎಣ್ಣೆ ಒರೆಸುವುದು, ಡಬ್ಬಿಯ ಪಟ್ಟಿ, ಮಡಚಿದ ಮೇಲಂಚು, ಸೀಳಿನ ಸಂದಿಯ ಬೆಳಕು, ಒಂದನ್ನೂ ಬಿಡಲಿಲ್ಲ. ಗಮನವಿಟ್ಟು ನೋಡಿದ್ದರು ಎಂಬುದನ್ನು ಒಪ್ಪಬೇಕು. ಆ ವರ್ಷದ ಆಯ್ಕೆಗೆ ಎಲ್ಲಾ ಸೈಕಲ್ಲಿಗೂ ಪಟ್ಟಿ ಹಾಕಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು. ಶಾಲು ಹೊದಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದೆ.

ನೌಕರಿ ನನಗೆ ಕಲಿಸಿದ್ದು ಇಷ್ಟು. ನಮ್ಮಲ್ಲಿ ದೋಷವನ್ನು ಮೊದಲೇ ತೋರಿಸಿದವನು ತಕರಾರಿನ ಮನುಷ್ಯ. ಅನಾಹುತ ಆದ ಮೇಲೆ ಅದನ್ನೇ ತಿದ್ದಿದವನು ದಕ್ಷ ಅಧಿಕಾರಿ. ಇವರಿಬ್ಬರ ನಡುವೆ ಯಾರ ವಯಸ್ಸು ಮೀರಿಹೋಯಿತು ಎಂದು ಕೇಳುವ ಪದ್ಧತಿ ಇಲ್ಲ.

ಮೊನ್ನೆ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಸುಜಾತಾ ಸಿಕ್ಕಳು. ಸೂಪರ್ ಮಾರ್ಕೆಟ್ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ, ದಿನಾ ಮಹಾಗಾಂವದಿಂದ ಬಂದು ಹೋಗುತ್ತಾಳೆ. ಅಂಗಡಿಯಲ್ಲಿ ಇಡೀ ದಿನ ನಿಂತೇ ಇರಬೇಕು, ಕಾಲು ಹಿಡಿಯುತ್ತವೆ ಎಂದಳು. ಸ್ವಲ್ಪ ಹೊತ್ತು ಮನೆಯವರ ಮಾತಾಯಿತು. ಆಮೇಲೆ ಆಕೆಯೇ ಕೇಳಿದಳು:

"ಈಗ ಆ ಸೈಕಲ್ ಸೀಟ ಇಳೀತಾವೇನ್ರಿ ಸರ್?"

"ಇಲ್ಲ ಬೇಟಾ, ಈಗ ಇಳ್ಯಂಗಿಲ್ಲ. ಎಲ್ಲಾ ಸೈಕಲ್‌ಗೂ ಪಟ್ಟಿ ಹಾಕ್ಯಾರ."

"ಚೊಲೊ ಆತ ಬಿಡ್ರಿ," ಎಂದಳು.

ಕಮಲಾಪುರದ ಬಸ್ಸು ಬಂತು. ಜನ ನುಗ್ಗಿದರು. ಆಕೆಯೂ ಚೀಲ ಎದೆಗವಚಿಕೊಂಡು ಹತ್ತಿದಳು. ನಾನು ಕಿಟಕಿಯೊಳಗೆ ನೋಡಿದೆ. ಸೀಟೆಲ್ಲಾ ತುಂಬಿದ್ದವು. ಮೇಲಿನ ಕಂಬಿ ಹಿಡಿದು, ನಿಂತುಕೊಂಡೇ ಹೋದಳು.